ಹಗ್ಗದ ಆ ತುದಿ

ಮೈಸೂರಿನ ದೊಡ್ಡಾಸ್ಪತ್ರೆಯವರು
ಹಳದಿ ಫೈಲಿನ ಜೊತೆ ಒಂದು ಮಾತನ್ನೂ ಕೊಟ್ಟು ಕಳಿಸಿದ್ದರು:
‘ಹೋಪ್ ಇಲ್ಲ.’
ಜ್ಞಾನಮಣಿ ಅದನ್ನು ಸೆರಗಿಗೆ ಗಂಟು ಹಾಕಿಕೊಂಡು
ಪಾಲಿಬೆಟ್ಟದಲ್ಲಿ ಬಸ್ಸಿಳಿದು
ನೇರ ನನ್ನ ಡಿಸ್ಪೆನ್ಸರಿಗೆ ಬಂದಳು.
‘ಸಿಸ್ಟರ್, ಹೋಪ್ ಅಂದರೆ ಯಾವ ಔಷಧಿ?
ನಿಮ್ಮ ಬೀರುವಿನಲ್ಲಿ ಇದ್ದೀತಾ?’

ಇಪ್ಪತ್ತೆರಡು ವರ್ಷದಿಂದ ಈ ತೋಟದ ನರ್ಸು ನಾನು.
ಜ್ವರಕ್ಕೆ, ಜಿಗಣೆ ಕಚ್ಚಿ ಕೀವಾದ ಹುಣ್ಣಿಗೆ,
ಕತ್ತಿ ತಾಗಿದ ಬೆರಳಿಗೆ
ಇರಬೇಕಾದ್ದು ಇದೆ.
ಅದೊಂದಿರಲಿಲ್ಲ.

ಬುಧವಾರದ ಪ್ರಾರ್ಥನೆ ಯೇಸಡಿಯಾನನ ಲೈನ್‌ಮನೆಯಲ್ಲೇ.
ಕರ್ಕಡ ಅಯ್ಯನವರಿಗೆ ಎಳೆ ಪ್ರಾಯ, ಹೊಸ ಗ್ರೀಕು.
ಒಲೆಯ ಪಕ್ಕ ಚಕ್ಕಳಮಕ್ಕಳ ಕೂತು
‘ಎಲ್ಪಿಸ್’ ಎಂದರು.
ಮಗುವೊಂದು ನಕ್ಕಿತು. ಇನ್ನೊಂದ್ಸಲ ಹೇಳಿ, ಅಂದಿತು.
ಎಲ್ಪಿಸ್.

ಹಳೆಯ ಗ್ರೀಕರ ಬಾಯಲ್ಲಿ ಅದಕ್ಕೆ ಎರಡು ಮುಖವಂತೆ:
ಬರಲಿರುವುದು ಒಳ್ಳೆಯದೋ ಕೆಟ್ಟದ್ದೋ,
ಕಾದು ಕೂತರೆ ಎಲ್ಪಿಸ್ಸೇ.
ಇರುಳಲ್ಲಿ ಕಾಡಾನೆ ಬಿದಿರು ಮುರಿವ ಸದ್ದಿಗೆ ಕಿವಿಗೊಡುವುದೂ,
ಮಾರ್ಚಿನ ಹೂಮಳೆಗೆ ಕಾಫಿಮೊಗ್ಗು ಬಿಗಿಹಿಡಿದ ಉಸಿರೂ.
ಆಮೇಲೆ ಅಪೊಸ್ತಲರ ಕಾಗದಗಳಲ್ಲಿ
ಆ ಪದ ಒಂದೇ ಕಡೆಗೆ ವಾಲಿತಂತೆ,
ಕೊಟ್ಟ ಮಾತಿನ ಕಡೆಗೆ.
ಬಂದರೂ ಬಂದೀತು ಎಂಬ ಅಡ್ಡಗೋಡೆಯ ದೀಪ ಆರಿ
ಬರುತ್ತದೆ, ಕಾಣುತ್ತಿಲ್ಲ ಅಷ್ಟೆ, ಎಂದಾಯಿತಂತೆ.

ನನ್ನ ತಕರಾರು ನನ್ನದು.
ನಮ್ಮ ಕನ್ನಡದಲ್ಲಿ ಅದು ನಿರೀಕ್ಷೆ.
ನಿರೀಕ್ಷೆಯ ಹೊಟ್ಟೆಯಲ್ಲೇ ಈಕ್ಷೆಯಿದೆ, ನೋಡುವ ಕಣ್ಣು.
ಕಂಡದ್ದನ್ನು ಯಾರು ಕಾಯುತ್ತಾರೆ,
ಕಾಣದ್ದರತ್ತ ಕಣ್ಣು ನೆಡುವುದಾದರೂ ಹೇಗೆ?
ಎಕ್ಸ್‌ರೇ ಬೆಳಕಿಗೆ ಹಿಡಿದವಳು ನಾನು.
ಅದರಲ್ಲಿ ಕಾಣಬೇಕಾದ್ದೆಲ್ಲ ಕಂಡಿತ್ತು.

ಅಯ್ಯನವರು ತಡವರಿಸಿ ಲಂಗರಿಗೆ ಬಂದರು.
ಆತ್ಮಕ್ಕೊಂದು ಲಂಗರು,
ತೆರೆಯ ಆಚೆಗೆ ಹೋಗಿ ಕಚ್ಚಿಕೊಂಡದ್ದು.
ಅವರದು ಉಳ್ಳಾಲದ ಕಡಲು.
ನಮಗೆಲ್ಲಿಯ ಹಡಗು?
ದುಬಾರೆಯ ದೋಣಿ ಬಿಟ್ಟರೆ
ಹೊಳೆಯಲ್ಲಿ ತೇಲಿ ಬಂದ ಬಿದಿರಷ್ಟೇ ಕಂಡವರು.
ಕಬ್ಬಿಣ ಕೆಳಕ್ಕಿಳಿಯುತ್ತದೆ, ಅಂದರು. ಯಾರೂ ಮಿಸುಕಲಿಲ್ಲ.

ಆಗ ಮಂಚದಿಂದ ಯೇಸಡಿಯಾನ್:
‘ಕೆಳಕ್ಕೆ ಯಾಕೆ ಅಯ್ಯಾ? ಮೇಲಕ್ಕೆ.’
ಕೆಮ್ಮು ಮುಗಿಯುವ ತನಕ ಕಾದೆವು.
‘ಕರಿಮೆಣಸು ಕುಯ್ಯೋ ಕಾಲ,
ಬೆಳಿಗ್ಗೆ ಸಿಲ್ವರ್ ಮರದ ಅರ್ಧ ಮಂಜಲ್ಲಿ.
ಹಗ್ಗಕ್ಕೆ ಕಲ್ಲು ಕಟ್ಟಿ ಎಸೀತೀನಿ.
ಕವೆ ಕಾಣಲ್ಲ, ಕೊಂಬೆ ಕಾಣಲ್ಲ.
ಕಲ್ಲು ಕೆಳಗೆ ಬಂದರೆ ಕುಣಿಕೆ ಹಾಕಿ ಎಳೀತೀನಿ,
ಹೋಗಿ ಎಲ್ಲೋ ಕಚ್ಕೊಳ್ಳುತ್ತೆ.
ಆಮೇಲೆ ಜಗ್ಗಬೇಕು. ಅಲ್ಲಿಂದ ಕೈಗೊಂದು ಉತ್ತರ ಬರುತ್ತೆ.
ಬಂದ ಮೇಲೆ ಏಣಿ, ಏಣಿ ಮೇಲೆ ಕಾಲು.
ಮೂವತ್ತು ವರ್ಷ. ಒಂದೇ ಸಲ ಬಿದ್ದೆ,
ಅವತ್ತು ಜಗ್ಗಿರಲಿಲ್ಲ.’

ಅಯ್ಯನವರು ಪುಸ್ತಕ ಮುಚ್ಚಿದರು.
ಜ್ಞಾನಮಣಿ ಬೆಲ್ಲದ ಕಾಫಿ ಸುತ್ತ ಹಂಚಿದಳು.
ಒಂದು ಲೋಟ ಕಡಿಮೆ ಬಿತ್ತು.

ಹೂಮಳೆಗೆ ಐದು ದಿನ ಮೊದಲು ಅವನು ಹೋದ.
ರಿಜಿಸ್ಟರಿನಲ್ಲಿ ಮೂರೇ ಕಲಂ: ಗುಣ, ರವಾನೆ, ಸಾವು.
ಮೂರನೆಯದರಲ್ಲಿ ಗೆರೆ ಎಳೆದೆ,
ಸುಳ್ಳು ಬರೆಯಲು ನನಗೆ ಬರುವುದಿಲ್ಲ.
ಮಣ್ಣು ಮಾಡಿ ಬಂದ ಜ್ಞಾನಮಣಿ
ಬಾಗಿಲಲ್ಲಿದ್ದ ಅವನ ಚಪ್ಪಲಿ ಎತ್ತಿ, ಒರೆಸಿ,
ಕಾಲಿಗಾಗುವವರಿಗೆ ಕೊಡಿ, ಅಂದಳು.
ಅವನು ಈ ಬಾಗಿಲಿಗೆ ಬರುತ್ತಾನೆಂದು ಅವಳು ಕಾಯುತ್ತಿಲ್ಲ.
ಕಾಯುತ್ತಿಲ್ಲ ಎಂದೂ ನಾನು ಹೇಳಲಾರೆ.

ಮಳೆ ಬಂತು. ಎಂಟನೇ ದಿನಕ್ಕೆ ತೋಟವೆಲ್ಲ ಬೆಳ್ಳಗೆ,
ಮೂಗಿಗೆ ಭಾರವಾಗುವಷ್ಟು ಪರಿಮಳ.
ಡ್ಯೂಟಿಗೆ ಹೋಗುವ ದಾರಿ, ಏಳನೇ ಬ್ಲಾಕು:
ಅವನ ಹಗ್ಗ ಇನ್ನೂ ನೇತಾಡುತ್ತಿತ್ತು, ಯಾರೂ ಬಿಚ್ಚಿರಲಿಲ್ಲ.
ಈ ತುದಿ ಇಬ್ಬನಿಗೆ ತೊಯ್ದಿತ್ತು.
ಆ ತುದಿ ಮಂಜಿನೊಳಗೆ.
ಅತ್ತಿತ್ತ ನೋಡಿದೆ.
ಬ್ಯಾಗು ಕೆಳಗಿಟ್ಟು
ಜಗ್ಗಿದೆ.

ಬಿಡಲಿಲ್ಲ.